ಕೂಡಿ ಮಾಡಿದುದರ ಲೆಕ್ಕ

ಒಬ್ಬನೇ ಮಾಡಿದ ಕಾರ್ಯಕ್ಕೆ ಕರ್ತನು ಯಾರೆಂಬುದರಲ್ಲಿ ಹೆಚ್ಚಿನ ವಿವಾದವಿರುವುದಿಲ್ಲ. ಹಲವರು ಒಟ್ಟುಗೂಡಿ ನಡೆಸಿದ ಕಾರ್ಯದಲ್ಲಿ ಒಬ್ಬೊಬ್ಬನ ಪಾಲು ಎಷ್ಟು, ಪಾಲೆಂಬುದೊಂದು ಅಲ್ಲಿ ನಿಜವಾಗಿ ಉಂಟೋ ಇಲ್ಲವೋ, ಉಂಟಾದಲ್ಲಿ ಅದನ್ನು ಅಳೆಯತಕ್ಕ ಮಾನ ಯಾವುದು ಎಂಬ ಪ್ರಶ್ನೆಯಾದರೋ ಶಾಸ್ತ್ರಕಾರರನ್ನು ಬಹುಕಾಲ ಕಾಡಿದೆ. ಯಜ್ಞವೇದಿಯ ಸುತ್ತ ಕುಳಿತವರ ವಿಷಯದಲ್ಲಿ ಮೀಮಾಂಸಕರೂ, ಗಡಿಗೆಯ ಕಾರಣಗಳ ವಿಷಯದಲ್ಲಿ ನೈಯಾಯಿಕರೂ, ರಣರಂಗದಲ್ಲಿ ನಿಂತವರ ಪಾಪದ ವಿಷಯದಲ್ಲಿ ಬೌದ್ಧರೂ ವಿಚಾರಿಸಿದ ಆ ಪ್ರಶ್ನೆಯನ್ನೇ ಈಚಿನ ದಶಕಗಳಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟದ ಲೆಕ್ಕಿಗರು ತಮ್ಮ ರೀತಿಯಲ್ಲಿ ಮತ್ತೆ ಎತ್ತಿಕೊಂಡಿದ್ದಾರೆ. ಅವರು ಅದಕ್ಕಾಗಿ ಬಳಸುವ ಮಾನಕ್ಕೆ ಪ್ಲಸ್-ಮೈನಸ್ ಎಂದು ಹೆಸರು. ಆಟಗಾರನ ಹೆಸರಿನ ಮುಂದೆ ಕೂಡುವ ಗುರುತನ್ನೋ ಕಳೆಯುವ ಗುರುತನ್ನೋ ಹೊತ್ತು ನಿಲ್ಲುವ ಆ ಚಿಕ್ಕ ಸಂಖ್ಯೆಯಲ್ಲಿ ಕರ್ತೃತ್ವವನ್ನು ಕುರಿತ ಗಂಭೀರವಾದ ಸಿದ್ಧಾಂತವೊಂದು ಅಡಗಿದೆಯೆಂದೂ, ಅದರಲ್ಲಿ ದೋಷವೆಂದು ಎಣಿಸಲ್ಪಟ್ಟಿರುವ ಅಂಶವೇ ಅದರ ಸತ್ಯಾಂಶವೆಂದೂ ನನ್ನ ನಂಬಿಕೆ.

ಈ ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಮಸಾಚುಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ಅದನ್ನು ಕಲ್ಪಿಸಿದ ಜೇಮ್ಸ್ ನೇಯ್‌ಸ್ಮಿತ್ ಮಾಂಟ್ರಿಯಲ್ ನಗರದಲ್ಲಿ ಕ್ರೈಸ್ತ ದೇವತಾಶಾಸ್ತ್ರವನ್ನು ಓದಿ ಬಂದವನು, ಮುಂದೆ ಪಾದ್ರಿಯಾಗಿ ದೀಕ್ಷೆಯನ್ನೂ ಪಡೆದವನು. ಉಪದೇಶಪೀಠದಿಂದ ಆಗತಕ್ಕ ಶೀಲಸಂಸ್ಕಾರವು ಆಟದ ಅಂಗಳದಿಂದಲೂ ಆಗಬಲ್ಲುದೆಂಬುದು ಅವನ ಶ್ರದ್ಧೆಯಾಗಿತ್ತು. ಚಳಿಗಾಲದಲ್ಲಿ ಸೂರಿನಡಿಯಲ್ಲಿಯೇ ಆಡಲು ಬರುವಂತೆ ಎರಡು ಕೊನೆಗಳಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿಸಿ, 13 ನಿಯಮಗಳನ್ನು ಬರೆದು, ಒಂದೊಂದು ಪಕ್ಷಕ್ಕೆ ಒಂಬತ್ತು ಮಂದಿಯಂತೆ ಅವನು ಆಡಿಸಿದ ಮೊದಲನೆಯ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದದ್ದು ಒಂದೇ ಸಲ. ಚೆಂಡನ್ನು ಹಿಡಿದುಕೊಂಡು ಓಡಕೂಡದೆಂಬುದು ಆ ನಿಯಮಗಳಲ್ಲೊಂದು; ಹಿಡಿದವನು ನಿಂತಲ್ಲಿಂದಲೇ ಅದನ್ನು ಇನ್ನೊಬ್ಬನ ಕೈಗೆ ಒಪ್ಪಿಸಬೇಕು. ಪರಸ್ಪರಾವಲಂಬನೆಯು ಈ ಆಟಕ್ಕೆ ಹುಟ್ಟಿನಿಂದಲೇ ಬಂದದ್ದು.

ಹೀಗಿದ್ದರೂ ಆಟದ ವೃತ್ತಾಂತವನ್ನು ಬರೆದಿಡುವವರು ಬಹುಕಾಲ ಬರೆದದ್ದು ಬಿಡಿಬಿಡಿಯಾದ ವ್ಯಕ್ತಿಗಳ ವೃತ್ತಾಂತವನ್ನು. ಬುಟ್ಟಿಗೆ ಚೆಂಡು ಹಾಕಿದವನಾರು, ಗುರಿತಪ್ಪಿ ಮರಳಿದ ಚೆಂಡನ್ನು ಹಿಡಿದವನಾರು, ಹಾಕುವವನಿಗೆ ಕೊನೆಯ ಕ್ಷಣದಲ್ಲಿ ಚೆಂಡು ಒದಗಿಸಿದವನಾರು ಎಂಬಿಷ್ಟನ್ನು ಹೆಸರು ಹಿಡಿದು ಬರೆದರೆ ಆಟವೆಲ್ಲವನ್ನೂ ಬರೆದಂತಾಯಿತೆಂದು ಅವರು ತಿಳಿದಿದ್ದರು. ಎದುರಾಳಿಯ ಎಸೆತವನ್ನು ಗಾಳಿಯಲ್ಲಿಯೇ ತಡೆಯುವುದನ್ನು ಅಮೆರಿಕದ ವೃತ್ತಿಪರ ಲೀಗಾದ ಎನ್.ಬಿ.ಎ. ಅಧಿಕೃತವಾಗಿ ಎಣಿಸತೊಡಗಿದ್ದು 1973–74ರ ಋತುವಿನಿಂದ. ಆ ವಿದ್ಯೆಯಲ್ಲಿ ಅಗ್ರಗಣ್ಯನಾಗಿದ್ದು, ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ ಆಡಿದ 13 ಋತುಗಳಲ್ಲಿ 11 ಪ್ರಶಸ್ತಿಗಳನ್ನು ಕಂಡ ಬಿಲ್ ರಸೆಲ್ ಅದಕ್ಕೆ ಮುಂಚೆಯೇ, 1969ರಲ್ಲಿ, ನಿವೃತ್ತನಾಗಿದ್ದನು. ಅವನ ಪರಮ ಕೌಶಲಕ್ಕೆ ಕಡತದಲ್ಲಿ ಅಂಕಿಯಿಲ್ಲ. ಎಣಿಕೆಗೆ ಒಳಪಟ್ಟದ್ದೇ ಕರ್ಮ, ಉಳಿದದ್ದು ಶೂನ್ಯವೆಂಬ ಭ್ರಮೆಗೆ ಇದಕ್ಕಿಂತ ದೊಡ್ಡ ಖಂಡನೆ ಬೇಕಾಗಿಲ್ಲ.

ಪ್ಲಸ್-ಮೈನಸ್ ಈ ಭ್ರಮೆಯನ್ನು ಬೇರೊಂದು ದಿಕ್ಕಿನಿಂದ ಪರಿಹರಿಸಲು ಹೊರಟಿತು. ಅದು ಮೊದಲು ಬಳಕೆಗೆ ಬಂದದ್ದು ಐಸ್ ಹಾಕಿಯಲ್ಲಿ: ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದವರು 1950ರ ದಶಕದಲ್ಲಿ ತಮ್ಮ ಉಪಯೋಗಕ್ಕೆಂದು ಇಟ್ಟುಕೊಂಡ ಲೆಕ್ಕವನ್ನು ಆ ಆಟದ ಲೀಗು 1967–68ರಲ್ಲಿ ಅಂಗೀಕರಿಸಿತು, 1970–71ರಲ್ಲಿ ಬಾಬಿ ಓರ್ ಪಡೆದ +124 ಅಲ್ಲಿ ಇಂದಿಗೂ ಮೀರಲಾಗದ ಸಂಖ್ಯೆಯಾಗಿ ಉಳಿದಿದೆ. ಎನ್.ಬಿ.ಎ. ಆಟಗಳ ಅಂಕಪಟ್ಟಿಗೆ ಇದು ಸೇರಿದ್ದು 2007–08ರಲ್ಲಿ. ಇದರ ಕ್ರಮ ಸರಳವಾದದ್ದು. ಆಟಗಾರನು ಅಂಕಣಕ್ಕೆ ಇಳಿದಾಗ ಅವನ ತಂಡದವರದು 40, ಎದುರಿನವರದು 44 ಅಂಕಗಳೆನ್ನೋಣ. ಅವನು ಬೆಂಚಿಗೆ ಮರಳುವ ವೇಳೆಗೆ ಅದು 58ಕ್ಕೆ 53 ಆಗಿದ್ದರೆ, ಅವನಿದ್ದಷ್ಟು ಹೊತ್ತು ತನ್ನವರು ಗಳಿಸಿದ್ದು 18, ಎದುರಿನವರು ಗಳಿಸಿದ್ದು 9. ಆದುದರಿಂದ ಅವನಿಗೆ +9. ಆ 18ರಲ್ಲಿ ಅವನ ಕೈಯಿಂದ ಒಂದು ಅಂಕವೂ ಬಾರದಿದ್ದರೂ ಬಾಧಕವಿಲ್ಲ, ಎಲ್ಲವೂ ಅವನ ಕೈಯಿಂದಲೇ ಬಂದಿದ್ದರೂ ವಿಶೇಷವಿಲ್ಲ. ಅವನೇನು ಮಾಡಿದನೆಂದು ಈ ಲೆಕ್ಕ ಕೇಳುವುದಿಲ್ಲ. ಅವನಿದ್ದಾಗ ಏನಾಯಿತೆಂದು ಕೇಳುತ್ತದೆ.

ಇಲ್ಲಿ ಗಮನಿಸಬೇಕಾದ ವಿಚಿತ್ರವೊಂದುಂಟು. ಅಂಕಣದಲ್ಲಿರುವ ಐವರಿಗೂ ಆ ಒಂಬತ್ತು ಪೂರ್ತಿಯಾಗಿಯೇ ಸಲ್ಲುತ್ತದೆ, ಐದರಿಂದ ಭಾಗಿಸುವ ಕ್ರಮವಿಲ್ಲ. ತಂಡವೊಂದು ಹತ್ತು ಅಂಕಗಳಿಂದ ಗೆದ್ದ ದಿನ ಅದರ ಆಟಗಾರರೆಲ್ಲರ ಪ್ಲಸ್-ಮೈನಸ್‌ಗಳನ್ನು ಕೂಡಿದರೆ ಬರತಕ್ಕದ್ದು ಐವತ್ತು. ಹತ್ತನ್ನು ಗಳಿಸಿದವರು ಐವತ್ತನ್ನು ಹಂಚಿಕೊಳ್ಳುವುದೆಂತು, ಇದು ಲೆಕ್ಕವೋ ಅಲೆಕ್ಕವೋ ಎಂದು ವ್ಯವಹಾರದಲ್ಲಿ ನುರಿತವನು ಕೇಳಿಯಾನು. ಅವನ ಆಕ್ಷೇಪಣೆಗೆ ಉತ್ತರವನ್ನು ಹುಡುಕಿಕೊಂಡು ಹೋದರೆ ನಾವು ಮೀಮಾಂಸಾಸೂತ್ರಕಾರನಾದ ಜೈಮಿನಿಯ ಬಳಿಗೆ ಬಂದು ಸೇರುತ್ತೇವೆ.

ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಸತ್ರಯಾಗದ ವಿಚಾರ ಬರುತ್ತದೆ. ಸಾಮಾನ್ಯವಾದ ಸೋಮಯಾಗದಲ್ಲಿ ಯಜಮಾನನೊಬ್ಬನು, ಫಲವು ಅವನದು. ಅಧ್ವರ್ಯು, ಹೋತೃ, ಉದ್ಗಾತೃ, ಬ್ರಹ್ಮ ಎಂಬ ನಾಲ್ವರು ಪ್ರಧಾನರೂ ಅವರ ಕೈಕೆಳಗಿನ ಹನ್ನೆರಡು ಮಂದಿಯೂ ದಕ್ಷಿಣೆಗಾಗಿ ಕೆಲಸ ಮಾಡಿ ಹೊರಟುಹೋಗುವವರು. ಸತ್ರವು ಹಾಗಲ್ಲ. ಅಲ್ಲಿ 17ಕ್ಕೆ ಕಡಿಮೆಯಿಲ್ಲದೆ 24ಕ್ಕೆ ಮೀರದೆ ಇರುವ ಯಜಮಾನರೇ ತಮ್ಮತಮ್ಮಲ್ಲಿ ಋತ್ವಿಕ್ಕುಗಳಾಗಿ ಎಲ್ಲ ಕಾರ್ಯಗಳನ್ನೂ ನಡೆಸುವುದರಿಂದ ದಕ್ಷಿಣೆಯೆಂಬುದಿಲ್ಲ. ಹಾಗಾದರೆ ಸತ್ರದ ಫಲವನ್ನು ಅವರು ಹದಿನೇಳು ಪಾಲು ಮಾಡಿಕೊಳ್ಳಬೇಕೋ, ಒಬ್ಬೊಬ್ಬನಿಗೂ ಸಮಗ್ರವಾದ ಫಲವೋ ಎಂಬುದು ವಿಷಯ. ಒಬ್ಬೊಬ್ಬನಿಗೂ ಸಮಗ್ರವೆಂಬುದು ಸಿದ್ಧಾಂತ. ಒಬ್ಬೊಬ್ಬನೂ ಪೂರ್ಣ ಫಲವನ್ನೇ ಬಯಸಿ ಸಂಕಲ್ಪಿಸಿದನು, ಒಬ್ಬೊಬ್ಬನೂ ಪೂರ್ಣ ಕರ್ಮಕ್ಕೇ ಅಧಿಕಾರಿಯಾದನು. ಹದಿನೇಳನೆಯ ಒಂದು ಪಾಲಿನ ಯಾಗವನ್ನು ಯಾರೂ ಮಾಡಲಿಲ್ಲ, ಮಾಡುವುದು ಸಾಧ್ಯವೂ ಇಲ್ಲ. ಒಬ್ಬನ ಸ್ವರ್ಗವು ಇನ್ನೊಬ್ಬನ ಸ್ವರ್ಗವನ್ನು ಕಿರಿದುಮಾಡದು. ಹತ್ತು ಐವತ್ತಾಯಿತೆಂಬ ಆಕ್ಷೇಪಣೆಯಿಂದ ಮೀಮಾಂಸಕನು ಕಿಂಚಿತ್ತೂ ವಿಚಲಿತನಾಗಲಾರನು.

ದಕ್ಷಿಣೆಯ ವಿಷಯದಲ್ಲಿಯಾದರೋ ಅದೇ ಶಾಸ್ತ್ರ ಕಟ್ಟುನಿಟ್ಟಾದ ಲೆಕ್ಕಿಗನಂತೆ ವರ್ತಿಸುತ್ತದೆ. ಪ್ರಧಾನರಾದ ನಾಲ್ವರ ಕೆಳಗೆ ಅರ್ಧಿಗಳು, ತೃತೀಯಿಗಳು, ಪಾದಿಗಳು ಎಂದು ನಾಲ್ವರು ನಾಲ್ವರ ಮೂರು ಪಂಕ್ತಿಗಳನ್ನು ಮಾಡಿ, ಮೊದಲಿನವನಿಗೆ ಹನ್ನೆರಡು ಬಂದರೆ ಮುಂದಿನವರಿಗೆ ಕ್ರಮವಾಗಿ ಆರು, ನಾಲ್ಕು, ಮೂರು ಎಂದು ಗೋವುಗಳನ್ನು ಹಂಚಿಸುತ್ತದೆ. ಕೂಲಿಯು ಪಾಲಾಗತಕ್ಕದ್ದು, ಫಲವು ಪಾಲಾಗಲಾರದ್ದು. ಒಂದೇ ವೇದಿಯ ಮುಂದೆ ಎರಡು ಬಗೆಯ ಗಣಿತವನ್ನು ಇಟ್ಟು, ಒಂದನ್ನು ಇನ್ನೊಂದರೊಳಗೆ ಬೆರೆಯಗೊಡದ ಆ ಮೀಮಾಂಸಕ ಬುದ್ಧಿಯ ಸೂಕ್ಷ್ಮತೆಗೆ ನಾನು ತಲೆಬಾಗುತ್ತೇನೆ. ಬ್ಯಾಸ್ಕೆಟ್‌ಬಾಲಿನ ಲೆಕ್ಕಿಗರಲ್ಲಿ ಕಾಣುವ ಗೊಂದಲಗಳಲ್ಲಿ ಬಹುಪಾಲು ಈ ಎರಡನ್ನು ಬೆರೆಸಿದ್ದರಿಂದ ಬಂದದ್ದು.

ಅವರ ಸಂಕಟವೇನೆಂದು ಈಗ ನೋಡಬಹುದು. ತಂಡದ ಒಡೆಯನು ಆಟಗಾರನಿಗೆ ಸಂಬಳ ಗೊತ್ತುಮಾಡಬೇಕು. ಗೆಲುವಿನಲ್ಲಿ ಈ ಒಬ್ಬನಿಂದಾದದ್ದೆಷ್ಟೆಂದು ಅವನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉಪಾಯವಾಗಿ ಅವರು ಹಿಡಿದದ್ದು, ಹೆಸರು ಹೇಳದಿದ್ದರೂ, ನಮ್ಮ ನೈಯಾಯಿಕರ ಅನ್ವಯ-ವ್ಯತಿರೇಕ ಮಾರ್ಗವನ್ನೇ: ಅವನಿದ್ದಾಗ ಏನಾಯಿತು, ಅವನಿಲ್ಲದಾಗ ಏನಾಯಿತು ಎಂದು ಎರಡನ್ನೂ ನೋಡಿ, ವ್ಯತ್ಯಾಸವು ಅವನದೆಂದು ತಿಳಿಯುವುದು. ಈ ಮಾರ್ಗ ಎಡವುವ ಸ್ಥಳಗಳನ್ನೂ ನೈಯಾಯಿಕರು ಗುರುತಿಸಿದ್ದರು. ವ್ಯತಿರೇಕವೇ ದೊರೆಯದಿದ್ದರೆ ಏನು ಗತಿ? 1961–62ರ ಋತುವಿನಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್‌ಲೆನ್ 80 ಆಟಗಳಲ್ಲಿ ಅಂಕಣದ ಹೊರಗೆ ಕಳೆದದ್ದು ಎಂಟೇ ನಿಮಿಷ. 48 ನಿಮಿಷಗಳ ಆಟದಲ್ಲಿ, ಹೆಚ್ಚುವರಿ ವೇಳೆಯ ದೆಸೆಯಿಂದ, ಅವನ ಸರಾಸರಿ 48.5 ನಿಮಿಷವಾಯಿತು. ಒಂದೇ ಆಟದಲ್ಲಿ ನೂರು ಅಂಕ ಗಳಿಸಿದ್ದೂ ಅದೇ ವರ್ಷ. ಆದರೂ ಅವನ ಪ್ಲಸ್-ಮೈನಸ್ಸನ್ನು ಇಂದು ಯಾರಾದರೂ ಲೆಕ್ಕಹಾಕಿದರೆ ಅದು ಅವನ ತಂಡದ ಸೋಲುಗೆಲುವುಗಳ ಮೊತ್ತಕ್ಕೆ ಹೆಚ್ಚುಕಡಿಮೆ ಸಮನಾಗಿ ನಿಂತು, ಅವನನ್ನು ಕುರಿತು ಬೇರೇನನ್ನೂ ಹೇಳದು. ಎಂದೂ ಇಲ್ಲದಿರದವನ ಬೆಲೆಯನ್ನು ಈ ತಕ್ಕಡಿ ತೂಗಲಾರದು.

ಇನ್ನೊಂದು ತೊಡಕು ಸಹವಾಸದ್ದು. ಕಾರಣವೆಂದು ತೋರಿಯೂ ಕಾರಣವಾಗದ ವಸ್ತುಗಳನ್ನು ವಿಶ್ವನಾಥನ ಕಾರಿಕಾವಳಿಯು ಅನ್ಯಥಾಸಿದ್ಧವೆಂದು ಕರೆದು ಐದು ಬಗೆಗಳನ್ನು ಹೇಳುತ್ತದೆ. ಕುಂಬಾರನ ಮಣ್ಣು ಹೊತ್ತುತಂದ ಕತ್ತೆ ಅವುಗಳಲ್ಲಿ ಕೊನೆಯದು. ಈ ಗಡಿಗೆಗೆ ಮುಂಚೆ ಕತ್ತೆಯಿದ್ದದ್ದು ನಿಜ. ಆದರೆ ಕತ್ತೆಯಿಲ್ಲದೆಯೂ ಗಡಿಗೆಗಳು ಆಗುತ್ತವೆಂಬುದನ್ನು ಬೇರೆ ಗಡಿಗೆಗಳನ್ನು ನೋಡಿ ತಿಳಿಯಬೇಕು. ಪ್ರಬಲನಾದ ಆಟಗಾರನೊಡನೆಯೇ ಯಾವಾಗಲೂ ಅಂಕಣಕ್ಕಿಳಿಯುವ ದುರ್ಬಲನಿಗೆ ದೊಡ್ಡ ಸಂಖ್ಯೆ ಒದಗಿದಾಗ ಮಾಡಬೇಕಾದದ್ದೂ ಅಷ್ಟೆ. ಜೆಫ್ ಸಗಾರಿನ್, ವೇಯ್ನ್ ವಿನ್‌ಸ್ಟನ್ ಎಂಬಿಬ್ಬರು ಡಲ್ಲಾಸ್ ಮೇವರಿಕ್ಸ್ ತಂಡಕ್ಕಾಗಿ 2000ದ ಸುಮಾರಿನಲ್ಲಿ ರೂಪಿಸಿದ ಕ್ರಮವೂ, 2004ರಲ್ಲಿ ಡ್ಯಾನ್ ರೋಸೆನ್‌ಬಾಮ್ ಎಂಬ ಅರ್ಥಶಾಸ್ತ್ರಜ್ಞನು ಎಲ್ಲರಿಗೂ ತಿಳಿಯುವಂತೆ ವಿವರಿಸಿದ ಕ್ರಮವೂ ಇಂಥವೇ: ಇಡೀ ಋತುವಿನಲ್ಲಿ ಯಾವ ಐವರು ಯಾವ ಐವರಿಗೆ ಎದುರಾಗಿ ನಿಂತಾಗ ಏನಾಯಿತೆಂಬುದನ್ನೆಲ್ಲ ಸಮೀಕರಣಗಳಾಗಿ ಬರೆದು, ಜೊತೆಗಾರರ ಬಲವನ್ನೂ ಎದುರಾಳಿಗಳ ಬಲವನ್ನೂ ಕಳೆದು ಉಳಿದದ್ದನ್ನು ಆಟಗಾರನದೆಂದು ಎಣಿಸುವುದು. 2010ರಲ್ಲಿ ಜೋ ಸಿಲ್ ಎಂಬವನು ಇದಕ್ಕೆ ಸಂಯಮವೊಂದನ್ನು ಸೇರಿಸಿದನು. ಸಾಕ್ಷ್ಯ ಸಾಲದಿರುವಲ್ಲಿ ಆಟಗಾರನ ಸಂಖ್ಯೆಯನ್ನು ಸೊನ್ನೆಯ ಕಡೆಗೆ ಎಳೆದು ನಿಲ್ಲಿಸುವುದು ಅದರ ಮರ್ಮ. ಪ್ರಮಾಣವಿಲ್ಲದೆ ಯಾರನ್ನೂ ಹೊಗಳಬೇಡ, ತೆಗಳಲೂ ಬೇಡ ಎಂಬ ಆ ಸಂಯಮ ಗಣಿತದಿಂದ ಹೊರಗೂ ಆದರಣೀಯವಾದದ್ದು.

ಈ ಮಾರ್ಗದಿಂದ ಬೆಳಕಿಗೆ ಬಂದವರಲ್ಲಿ ಶೇನ್ ಬ್ಯಾಟಿಯರ್ ಪ್ರಸಿದ್ಧನು. ಹ್ಯೂಸ್ಟನ್ ರಾಕೆಟ್ಸ್ ತಂಡದಲ್ಲಿದ್ದಾಗ ಅವನ ಹೆಸರಿನ ಮುಂದೆ ಅಂಕಗಳು ಅಲ್ಪ, ಹಿಡಿದ ಚೆಂಡುಗಳು ಅಲ್ಪ. ಆದರೆ ಅವನಿದ್ದಾಗ ತನ್ನವರು ತಮ್ಮ ಮಟ್ಟವನ್ನು ಮೀರಿ ಆಡುತ್ತಿದ್ದರು, ಎದುರಿನವರು ತಮ್ಮ ಮಟ್ಟಕ್ಕಿಂತ ಕೆಳಗಿಳಿಯುತ್ತಿದ್ದರು. 2009ರಲ್ಲಿ ಮೈಕೆಲ್ ಲೂಯಿಸ್ ಎಂಬ ಲೇಖಕನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಯಲ್ಲಿ ಅವನನ್ನು ಕುರಿತು ಬರೆದ ದೀರ್ಘ ಲೇಖನದಲ್ಲಿ ಒಂದು ಪ್ರಸಂಗವಿದೆ. ಆ ವರ್ಷದ ಜನವರಿಯಲ್ಲಿ ಲಾಸ್ ಏಂಜಲೀಸಿನ ಲೇಕರ್ಸ್ ತಂಡದೊಡನೆ ನಡೆದ ಆಟ. ಬ್ಯಾಟಿಯರನ ಪಾಲಿಗೆ ಬಂದ ಎದುರಾಳಿ ಕೋಬಿ ಬ್ರಯಂಟ್. ಬ್ರಯಂಟನು ಯಾವ ತಾವಿನಿಂದ ಎಸೆದರೆ ಫಲ ಕಡಿಮೆಯೆಂಬುದನ್ನು ಅಂಕಿಗಳಿಂದ ಕಲಿತಿದ್ದ ಇವನು ಅವನನ್ನು ಬುಟ್ಟಿಯಿಂದ ದೂರಕ್ಕೆ ದೂರಕ್ಕೆ ಒತ್ತುತ್ತ, ಚೆಂಡನ್ನು ಹೊಡೆಯಲು ಹೋಗಿ ತಪ್ಪಿಗೆ ಗುರಿಯಾಗುವುದನ್ನು ಬಿಟ್ಟು, ಎಸೆಯುವ ಕ್ಷಣಕ್ಕೆ ಸರಿಯಾಗಿ ತನ್ನ ಅಂಗೈಯನ್ನು ಅವನ ಕಣ್ಣಿಗೆ ಅಡ್ಡಹಿಡಿಯುತ್ತಿದ್ದನು. ಆಟದ ಕೊನೆಯ ಗಳಿಗೆಯಲ್ಲಿ ಬ್ರಯಂಟನು ಎಸೆದದ್ದೂ ಹಾಗೆಯೇ: ಮೂರಂಕದ ಗೆರೆಯ ಹೊರಗಿನಿಂದ, ಕಣ್ಣೆದುರಿನ ಕೈಯ ಮೇಲಿಂದ, ಬ್ಯಾಟಿಯರನು ಅವನಿಂದ ಎಸೆಯಿಸಬೇಕೆಂದಿದ್ದ ಎಸೆತವನ್ನೇ. ಚೆಂಡು ಬುಟ್ಟಿಯೊಳಕ್ಕೆ ಬಿತ್ತು. ಬ್ಯಾಟಿಯರನು ನಕ್ಕನು.

ಆ ಎಸೆತಕ್ಕಾಗಿ ಐವರ ಖಾತೆಯಲ್ಲಿಯೂ ಮೂರು ಮೂರು ಅಂಕಗಳು ಕಳೆದವು, ಮಾಡಬೇಕಾದುದನ್ನು ಕೂದಲೆಳೆಯಷ್ಟೂ ಲೋಪವಿಲ್ಲದೆ ಮಾಡಿದವನ ಖಾತೆಯಲ್ಲಿಯೂ. ಗೀತೆಯ ಹದಿನೆಂಟನೆಯ ಅಧ್ಯಾಯವು ಕರ್ಮಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆಗಳೆಂಬ ನಾಲ್ಕನ್ನು ಹೇಳಿ ಐದನೆಯದಾಗಿ ದೈವವನ್ನು ನಿಲ್ಲಿಸುವುದರ ಅರ್ಥ ಇಂಥ ಸಂದರ್ಭದಲ್ಲಿ ಕಣ್ಣಿಗೆ ಕಟ್ಟುತ್ತದೆ. ಲೆಕ್ಕಿಗರು ಇದಕ್ಕೆ ಹೇಳುವ ಸಮಾಧಾನವೆಂದರೆ, ಒಂದು ಆಟದ ಸಂಖ್ಯೆಯನ್ನು ನಂಬಬೇಡಿ, ನೂರಾರು ಆಟಗಳನ್ನು ಕೂಡಿಸಿ ನೋಡಿ, ಆಕಸ್ಮಿಕಗಳು ತಮ್ಮೊಳಗೆ ತಾವೇ ಸರಿದೂಗಿ ನಿಜವು ಉಳಿಯುತ್ತದೆ ಎಂಬುದು. ಒಂದು ಜನ್ಮದಲ್ಲಿ ಪುಣ್ಯಪಾಪಗಳಿಗೂ ಸುಖದುಃಖಗಳಿಗೂ ತಾಳೆಯಾಗದಿದ್ದಾಗ ಕರ್ಮವಾದಿಗಳು ಲೆಕ್ಕವನ್ನು ಅನೇಕ ಜನ್ಮಗಳಿಗೆ ಹಿಗ್ಗಿಸಿದ್ದೂ ಹೀಗೆಯೇ. ದೀರ್ಘವಾದ ಲೆಕ್ಕದಲ್ಲಿ ದೈವದ ಅಂಶ ಸವೆಯುತ್ತದೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಜೊತೆಗಾರರ ಅಂಶ ಎಷ್ಟು ದೀರ್ಘವಾದ ಲೆಕ್ಕದಲ್ಲಿಯೂ ಸವೆಯದು. ನೂರು ಆಟಗಳಲ್ಲಿಯೂ ಮನುಷ್ಯನು ಐವರಲ್ಲಿ ಒಬ್ಬನಾಗಿಯೇ ಇರುತ್ತಾನೆ. ಒಂಟಿಯಾಗಿ ನಿಂತ ಒಂದು ಕ್ಷಣವೂ ಅಲ್ಲಿ ಸಿಕ್ಕುವುದಿಲ್ಲ. ಎಷ್ಟೇ ಶೋಧಿಸಿದರೂ ಅಂತಿಮವಾಗಿ ದೊರೆಯುವ ಸಂಖ್ಯೆ, ಇಂಥವರೊಡನೆ ಇಂಥವರ ಎದುರಿನಲ್ಲಿ ಇವನು ಏನಾದನೆಂಬುದೇ ಹೊರತು, ಸಂಗರಹಿತನಾದ ಇವನು ಏನೆಂಬುದಲ್ಲ. ದಕ್ಷಿಣೆಯನ್ನು ಗೊತ್ತುಮಾಡಲು ಅಷ್ಟು ಸಾಕು.

ಫಲವಾದರೋ, ಅದರಲ್ಲಿಯೂ ಕೆಟ್ಟ ಫಲವಾದರೋ, ಬೇರೆ ಕಥೆ. ಹೊಗಳಿಕೆಯನ್ನು ಪೂರ್ತಿಯಾಗಿ ತೆಗೆದುಕೊಳ್ಳಲು ಮನುಷ್ಯನು ಹಿಂಜರಿಯುವುದಿಲ್ಲ. ಅಪರಾಧದ ಮಾತು ಬಂದಾಗ ಅವನಿಗೆ ಭಾಗಾಕಾರ ನೆನಪಾಗುತ್ತದೆ. ನೂರು ಮಂದಿ ಕೂಡಿ ಅನ್ಯಾಯ ನಡೆಸಿದಲ್ಲಿ ತನ್ನದು ನೂರರಲ್ಲಿ ಒಂದು ಪಾಲೆಂದು ಒಬ್ಬೊಬ್ಬನೂ ಹಗುರಾಗಿ ನಿದ್ರಿಸುತ್ತಾನೆ. ಬೌದ್ಧಾಚಾರ್ಯನಾದ ವಸುಬಂಧುವಿನ ಅಭಿಧರ್ಮಕೋಶದ ಕರ್ಮಪ್ರಕರಣವು ಈ ಭಾಗಾಕಾರವನ್ನು ಸುತರಾಂ ಒಪ್ಪುವುದಿಲ್ಲ. ಸೈನ್ಯವೇ ಮೊದಲಾದ ಕೂಟಗಳಲ್ಲಿ ಎಲ್ಲರ ಉದ್ದೇಶವೂ ಒಂದೇ ಆಗಿರುವುದರಿಂದ ಕೊಂದವನಂತೆಯೇ ಉಳಿದವರೂ ಕರ್ತೃಗಳು; ಬಲಾತ್ಕಾರದಿಂದ ಸೇರಿಸಲ್ಪಟ್ಟವನು ಸಹ, ಪ್ರಾಣ ಹೋದರೂ ಕೊಲ್ಲೆನೆಂದು ನಿಶ್ಚಯಿಸಿಕೊಂಡ ಹೊರತು, ಆ ಪಾಪದಿಂದ ಹೊರತಾಗನು. ಪ್ಲಸ್-ಮೈನಸ್‌ನ ಮೈನಸ್ಸು ನನಗೆ ಗೌರವಾರ್ಹವಾಗಿ ಕಾಣುವುದು ಈ ಕಾರಣದಿಂದ. ಎದುರಿನವರು ಗಳಿಸಿದ ಮೂರಂಕವು ಅವರನ್ನು ತಡೆಯಬೇಕಾಗಿದ್ದವನದು ಮಾತ್ರವೆಂದು ಅದು ಬೆರಳು ತೋರಿಸುವುದಿಲ್ಲ. ದೂರದ ಮೂಲೆಯಲ್ಲಿ ನಿಂತಿದ್ದವನಿಗೂ, ಒಂದು ಹೆಜ್ಜೆ ತಡವಾಗಿ ನೆರವಿಗೆ ಬಂದವನಿಗೂ, ನೆರವಿಗೆ ಬಾರದವನಿಗೂ ಮೂರಕ್ಕೆ ಮೂರನ್ನೂ ಬರೆಯುತ್ತದೆ. ಪರರನ್ನು ತೂಗುವಾಗ ಜೊತೆಗಾರರ ಅಂಶವನ್ನು ಕಳೆಯುವುದು ದಯೆ; ತನ್ನನ್ನೇ ತೂಗಿಕೊಳ್ಳುವಾಗ ಅದನ್ನು ಕಳೆದುಕೊಳ್ಳುವುದು ನುಣುಚಿಕೊಳ್ಳುವಿಕೆ. ಏನನ್ನೂ ಕಳೆಯದ, ಒರಟಾದ ಮೊದಲನೆಯ ಲೆಕ್ಕವು ಆತ್ಮಪರೀಕ್ಷೆಗೆ ತಕ್ಕದ್ದೆಂದೂ, ಶೋಧಿಸಿದ ಎರಡನೆಯ ಲೆಕ್ಕವು ಪರಪರೀಕ್ಷೆಗೆ ತಕ್ಕದ್ದೆಂದೂ ನಾನು ಭಾವಿಸುತ್ತೇನೆ.

ಒಂದು ಸ್ಥಳದಲ್ಲಿ ಮಾತ್ರ ಮೀಮಾಂಸೆಯೂ ಈ ಆಟವೂ ಬೇರೆಬೇರೆ ದಾರಿ ಹಿಡಿಯುತ್ತವೆ. ಸತ್ರವು ನಡೆಯುತ್ತಿರುವಾಗ ಯಜಮಾನರಲ್ಲೊಬ್ಬನು ತೀರಿಕೊಂಡರೆ ಸಂಖ್ಯೆ ಕುಂದದಂತೆ ಇನ್ನೊಬ್ಬನನ್ನು ಆ ಸ್ಥಾನಕ್ಕೆ ತರಬಹುದೆಂದು ಶಾಸ್ತ್ರದ ಅನುಮತಿಯುಂಟು. ಬಂದವನು ದೀಕ್ಷೆ ಮೊದಲಾದ ನಿಯಮಗಳನ್ನೆಲ್ಲ ಪಾಲಿಸಬೇಕು. ಫಲ ಮಾತ್ರ ಅವನಿಗಿಲ್ಲ. ಅವನು ಪ್ರತಿನಿಧಿಯೇ ಹೊರತು ಸ್ವಾಮಿಯಲ್ಲ, ಏಕೆಂದರೆ ಆರಂಭದ ಸಂಕಲ್ಪ ಅವನದಾಗಿರಲಿಲ್ಲ. ಬ್ಯಾಸ್ಕೆಟ್‌ಬಾಲಿನ ಬದಲಿ ಆಟಗಾರನಿಗೆ ಈ ತೀರ್ಪು ಅನ್ವಯಿಸುವುದಿಲ್ಲ. ಬೆಂಚಿನಿಂದೆದ್ದು ಎರಡೇ ನಿಮಿಷಕ್ಕೆ ಅಂಕಣಕ್ಕಿಳಿದವನಿಗೂ ಆ ಎರಡು ನಿಮಿಷಗಳ ಫಲ ಇಡಿಯಾಗಿ ಸಲ್ಲುತ್ತದೆ. ತಂಡವು ಪ್ರಶಸ್ತಿ ಗೆದ್ದ ವರ್ಷ ಅವನ ಬೆರಳಿಗೂ ಪ್ರಧಾನ ಆಟಗಾರನಿಗೆ ದೊರೆತಂಥ ಉಂಗುರವೇ ದೊರೆಯುತ್ತದೆ. ಬ್ಯಾಟಿಯರನಿಗೆ ಮುಂದೆ ಮಯಾಮಿ ಹೀಟ್ ತಂಡದಲ್ಲಿ 2012ರಲ್ಲಿಯೂ 2013ರಲ್ಲಿಯೂ ಅಂಥ ಎರಡು ಉಂಗುರಗಳು ಬಂದವು. ಮೀಮಾಂಸಕರ ನ್ಯಾಯವನ್ನು ಮುರಿಯದೆಯೇ ಇದನ್ನು ಸಮರ್ಥಿಸಬಹುದೆಂದು ನನಗೆ ತೋರುತ್ತದೆ. ಬೆಂಚಿನ ಮೇಲೆ ಕುಳಿತವನು ಹೊರಗಿನಿಂದ ಹಿಡಿದು ತಂದವನಲ್ಲ. ಋತುವಿನ ಮೊದಲ ದಿನದಿಂದ ಉಳಿದವರೊಡನೆ ಅದೇ ಅಭ್ಯಾಸದಲ್ಲಿ ಬೆವರಿ, ಅದೇ ಗೆಲುವನ್ನು ಬಯಸಿದವನು. ಅವನ ಸಂಕಲ್ಪವು ಅವನ ಸರದಿಗಾಗಿ ಕಾದಿರುವುದಿಲ್ಲ. ಆದುದರಿಂದ ಅವನನ್ನು ಪ್ರತಿನಿಧಿಗಳ ಪಂಕ್ತಿಯಲ್ಲಿ ಕೂಡಿಸದೆ, ಇನ್ನೂ ಕಾರ್ಯಕ್ಕೆ ಕರೆಬಾರದ ಸ್ವಾಮಿಯೆಂದೇ ಎಣಿಸತಕ್ಕದ್ದು.